19 ಮಿಲಿಮೀಟರ್

ಸಕಲೇಶಪುರದಲ್ಲಿ ಹೆರಿಗೆ ಡಾಕ್ಟರಾಗಿ ಕೆಲಸ ಶುರು ಮಾಡಿದ ಹೊಸದು. ಅವಳಿ ಬಸುರಿಯೊಬ್ಬರಿಗೆ ಹೊಟ್ಟೆಯ ಮೇಲಿಂದ ಸ್ಕ್ಯಾನ್ ಮಾಡಿ, ಗರ್ಭಕೋಶದ ಬಾಯಿ ಉದ್ದ ಚೆನ್ನಾಗಿದೆ ಎಂದು ಬರೆದೆ. ಅವರ ಮೂತ್ರಕೋಶ ತುಂಬಿತ್ತು. ಹಾಗಿದ್ದಾಗ ಬಾಯಿ ಒತ್ತಿಕೊಂಡು ಇದ್ದದ್ದಕ್ಕಿಂತ ಉದ್ದ ಕಾಣುತ್ತದೆ. ಬಾಯಿ ಚಿಕ್ಕದಾದಷ್ಟೂ ಹೆರಿಗೆ ಬೇಗ ಆಗುವ ಭಯ ಜಾಸ್ತಿ. 27ನೇ ವಾರಕ್ಕೆ, ಆಸ್ಪತ್ರೆ ಮುಟ್ಟುವ ಮೊದಲೇ ಹೆರಿಗೆ ಆಯಿತು. ಒಂದು ಮಗು ಉಳಿಯಲಿಲ್ಲ. ಆ ತಾಯಿಯ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಅವಳಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ನನಗೆ ಭಯ ಇರುವುದು 32 ವಾರಕ್ಕೂ ಮೊದಲು ಬರುವವರದ್ದು. ಅವರನ್ನು ಮೊದಲೇ ಗುರುತಿಸಬೇಕು.

ಈಗ 11ರಿಂದ 14 ವಾರದೊಳಗೆ ಮಾಸು ಒಂದೋ ಎರಡೋ ನೋಡುತ್ತೇನೆ. ಒಂದೇ ಮಾಸಾದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್. 20ನೇ ವಾರದ ಹೊತ್ತಿಗೆ ಗರ್ಭಕೋಶದ ಬಾಯಿಯ ಉದ್ದ ಅಳೆಯುತ್ತೇನೆ, ಯೋನಿಯ ಒಳಗಿನಿಂದ. ಇದರಿಂದ ಮಗುವಿಗೆ ಪೆಟ್ಟಾಗುತ್ತದೆ ಎಂದು ಹಿರಿಯರು ಹೆದರುತ್ತಾರೆ. ಆಗುವುದಿಲ್ಲ. "ಮೂತ್ರ ಮಾಡಿ ಬಾಮ್ಮ" ಎಂದು ಕಳಿಸಿ, ಬಂದ ಮೇಲೆ ಸ್ಕ್ಯಾನಿನ ಕಡ್ಡಿಯನ್ನು (ಪ್ರೋಬ್) ಮೆತ್ತಗೆ ಇಡುತ್ತೇನೆ. ಒತ್ತಿದರೆ ಮತ್ತೆ ಸುಳ್ಳು ಉದ್ದ ಬರುತ್ತದೆ. ಮೂರ್ನಾಲ್ಕು ನಿಮಿಷ ಕಾದು, ಮೂರು ಸಲ ಅಳೆದು, ಎಲ್ಲಕ್ಕಿಂತ ಚಿಕ್ಕದನ್ನು ಬರೆಯುತ್ತೇನೆ. 25 ಮಿಲಿಮೀಟರ್ ಅಥವಾ ಕಡಿಮೆ ಬಂದರೆ ಹುಷಾರಾಗುತ್ತೇನೆ. 20ಕ್ಕಿಂತ ಇಳಿದರೆ ಅವತ್ತೇ ಮನೆಯವರನ್ನು ಕರೆಸುತ್ತೇನೆ.

ಒಂದು ಮಳೆಗಾಲದಲ್ಲಿ ಕಾಫಿ ತೋಟದ ಲೈನ್ ಮನೆಯಿಂದ ಬಂದವಳಿಗೆ 22 ವಾರಕ್ಕೆ 19 ಇತ್ತು. ನೋವಿಲ್ಲ, ಏನೂ ಇಲ್ಲ. "ಹೊಲಿಗೆ ಹಾಕಿಬಿಡಿ ಮೇಡಂ" ಅಂದರು ಅತ್ತೆ. ಅವಳಿಗಳಲ್ಲಿ ಬಾಯಿ ಇನ್ನೂ ಮುಚ್ಚಿಯೇ ಇದ್ದಾಗ ಹೊಲಿಗೆಯಿಂದ ಲಾಭ ಇದೆ ಎಂದು ಖಚಿತವಾಗಿಲ್ಲ. ಹಾಕಲಿಲ್ಲ. ರಾತ್ರಿ ಕೆಳಗಿನಿಂದ ಇಟ್ಟುಕೊಳ್ಳುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ಗುಳಿಗೆ ಕೊಟ್ಟೆ. ಮೂತ್ರದ ಸೋಂಕು, ರಕ್ತಹೀನತೆ ಎರಡನ್ನೂ ನೋಡಿದೆ. ಹೊರೆ ಹೊರುವ ಕೆಲಸ ಬೇಡ ಅಂದೆ. ಆದರೆ ಹಾಸಿಗೆ ಹಿಡಿದು ಮಲಗು ಅನ್ನಲಿಲ್ಲ. ಸುಮ್ನೆ ಮಲಗಿದರೆ ಹೆರಿಗೆ ಮುಂದೆ ಹೋಗುವುದಿಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಜಾಸ್ತಿ.

ಮಗುವಿನ ಶ್ವಾಸಕೋಶ ಬಲಿಯುವ ಸೂಜಿಯನ್ನು ಅವತ್ತೇ ಕೊಡಲಿಲ್ಲ. ಕೊಟ್ಟ ಒಂದು ದಿನದಿಂದ ಏಳು ದಿನದೊಳಗೆ ಹೆರಿಗೆ ಆದರೆ ಅದರ ಗುಣ ಚೆನ್ನಾಗಿ ಸಿಗುತ್ತದೆ. ಅಳತೆ ಯಾರಿಗೆ ಅಪಾಯ ಅನ್ನುವುದನ್ನು ಹೇಳುತ್ತದೆ. ಯಾವತ್ತು ಅನ್ನುವುದನ್ನು ಬಸುರಿಯ ಮೈಯೇ ಹೇಳಬೇಕು. ಹಾಗಾಗಿ ಅರ್ಧ ಗಂಟೆ ಕೂರಿಸಿಕೊಂಡು ಹೇಳಿದೆ: ಹೊಟ್ಟೆ ಬಿಟ್ಟು ಬಿಟ್ಟು ಗಟ್ಟಿಯಾದರೆ, ಸೊಂಟ ಹಿಡಿದರೆ, ನೀರೋ ರಕ್ತವೋ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ. ಗಂಡ ತೋಟದ ರೈಟರ ಹತ್ತಿರ ಮಾತಾಡಿ ಜೀಪು ಗೊತ್ತು ಮಾಡಿಟ್ಟ. ಆಷಾಢದ ಮಳೆಗೆ ಮರ ಬಿದ್ದರೆ ಯಾವ ದಾರಿ ಹಿಡಿಯಬೇಕು ಅನ್ನುವುದನ್ನೂ ಅವನೇ ಹೇಳಿದ. ಅದು ನನಗೆ ಹೊಳೆದಿರಲಿಲ್ಲ.

30ನೇ ವಾರ, ರಾತ್ರಿ ಎರಡು ಗಂಟೆಗೆ ಬಂದರು. ಹೊಟ್ಟೆ ಗಟ್ಟಿಯಾಗುತ್ತಿತ್ತು, ಬಾಯಿ ತೆರೆಯಲು ಶುರುವಾಗಿತ್ತು. ಶ್ವಾಸಕೋಶ ಬಲಿಯುವ ಆ ಡೆಕ್ಸಾಮೆಥಾಸೋನ್‌ನ ಮೊದಲ ಸೂಜಿ ಇಲ್ಲೇ ಕೊಟ್ಟು, ಹೆರಿಗೆ ನೋವನ್ನು ಮುಂದೂಡುವ ಮಾತ್ರೆ ಶುರು ಮಾಡಿ, ನರ್ಸ್ ಜೊತೆ 108ರಲ್ಲಿ ಹಾಸನಕ್ಕೆ ಕಳಿಸಿದೆ. ಹನ್ನೆರಡು ಗಂಟೆಗೊಂದರಂತೆ ಉಳಿದ ಮೂರು ಅಲ್ಲಿ ಆದವು. ಮಕ್ಕಳ ಮೆದುಳಿನ ರಕ್ಷಣೆಗೆ ಮೆಗ್ನೀಷಿಯಂ ಸಲ್ಫೇಟನ್ನೂ ಕೊಟ್ಟರು. ಮೂರನೇ ದಿನ ಹೆರಿಗೆ. ಒಂದು 1.4 ಕೆಜಿ, ಇನ್ನೊಂದು 1.3. ಎರಡೂ ಅತ್ತವು.

ವಾರದ ನಂತರ ನಾನು ನೋಡಲು ಹೋದಾಗ ಗಾಜಿನ ಪೆಟ್ಟಿಗೆಯಿಂದ ತೆಗೆದ ಒಂದು ಕೂಸನ್ನು ಅತ್ತೆ ಎದೆಗೆ ಒತ್ತಿಕೊಂಡು ಕೂತಿದ್ದರು. ಇನ್ನೊಂದು ತಾಯಿಯ ಎದೆಯ ಮೇಲಿತ್ತು.