ಎದೆಯ ಗುಳಿ ಸರಿಪಡಿಸಿಕೊಂಡ ಮೇಲೆ ನನ್ನ ಉಸಿರು

ಪೆಕ್ಟಸ್ ಎಕ್ಸ್‌ಕವೇಟಮ್ ಎಂದು ವೈದ್ಯರು ಕರೆಯುವ, ಎದೆಮೂಳೆ ಒಳಕ್ಕೆ ಗುಳಿಬೀಳುವ ತೊಂದರೆ ನನಗೆ ಚಿಕ್ಕಂದಿನಿಂದ ಇತ್ತು. ಹದಿಹರೆಯದಲ್ಲಿ ಮೈ ಬೆಳೆದಂತೆ ಗುಳಿಯೂ ಆಳವಾಯಿತು. ಎದೆಗೂಡಿನ ಒಳ ಅಗಲವನ್ನು ಎದೆಮೂಳೆಗೂ ಬೆನ್ನುಮೂಳೆಗೂ ನಡುವಿನ ಅತಿ ಕಡಿಮೆ ಅಂತರದಿಂದ ಭಾಗಿಸಿದರೆ ಹ್ಯಾಲರ್ ಸೂಚ್ಯಂಕ ಸಿಗುತ್ತದೆ. ಅದು 3.25ನ್ನು ದಾಟಿದರೆ ಗುಳಿ ತೀವ್ರವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ನನ್ನದು ದಾಟಿತ್ತು. ಹಾಗಾಗಿ ಬಾಗಿದ ಲೋಹದ ಪಟ್ಟಿಯೊಂದನ್ನು ಪಕ್ಕೆಯಿಂದ ತೂರಿಸಿ ಎದೆಮೂಳೆಯನ್ನು ಹಿಂದಿನಿಂದ ಮೇಲೆತ್ತುವ ನಸ್ ವಿಧಾನಕ್ಕೆ ಒಪ್ಪಿಕೊಂಡೆ.

ಮೊದಲ ವಾರಗಳಲ್ಲಿ ನೋವಿಗೆ ಹೆದರಿ ಉಸಿರು ಮೇಲುಮೇಲಕ್ಕೇ ನಿಂತುಬಿಡುತ್ತಿತ್ತು. ಹಾಗೆ ಬಿಟ್ಟರೆ ಶ್ವಾಸಕೋಶದ ತಳಭಾಗದ ಗಾಳಿಚೀಲಗಳು ಮುಚ್ಚಿಕೊಂಡು ಕಫ ಕಟ್ಟುತ್ತದೆ. ಆದ್ದರಿಂದ ನೋವಿನ ಮಾತ್ರೆಯ ಪ್ರಭಾವ ಏರಿದ ಹೊತ್ತನ್ನೇ ನೋಡಿಕೊಂಡು ಉಸಿರೆಳೆದು ಚೆಂಡುಗಳನ್ನು ಮೇಲೇರಿಸುವ ವ್ಯಾಯಾಮದ ಸಾಧನವಾದ ಮೂರು ಚೆಂಡುಗಳ ಸ್ಪೈರೋಮೀಟರ್ ಹಿಡಿಯುತ್ತಿದ್ದೆ. ಒಮ್ಮೆಲೇ ಎಳೆದು ಮೂರೂ ಚೆಂಡುಗಳನ್ನು ಹಾರಿಸುವುದು ನೋಡಲು ಚೆಂದವೇ ಹೊರತು ಪ್ರಯೋಜನವಿಲ್ಲ. ನಿಧಾನವಾಗಿ ಎಳೆದು ಮೊದಲ ಚೆಂಡನ್ನು ಮೇಲೆಯೇ ನಿಲ್ಲಿಸಿಕೊಳ್ಳಬೇಕು. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಒತ್ತಿ ಹಿಡಿದುಕೊಳ್ಳುತ್ತಿದ್ದೆ. ಹೊಟ್ಟೆಯ ಮೇಲೆ ಕೈಯಿಟ್ಟು, ಉಸಿರೆಳೆದಾಗ ಕೈ ಏಳುವಂತೆ ವಪೆಯಿಂದ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನಿಂದ, ಉಸಿರಾಡುವುದನ್ನು ಫಿಸಿಯೋಥೆರಪಿಸ್ಟ್ ಕಲಿಸಿದರು.

ಕೆಲವು ತಿಂಗಳ ನಂತರ ಮಾಡಿಸಿದ ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆಯಲ್ಲಿ, ಪೂರ್ತಿ ಉಸಿರೆಳೆದು ಜೋರಾಗಿ ಊದಿ ಹೊರಹಾಕುವ ಗಾಳಿಯ ಪ್ರಮಾಣ ಶಸ್ತ್ರಚಿಕಿತ್ಸೆಗೆ ಮುಂಚಿನದಕ್ಕಿಂತ ತುಸು ಕಡಿಮೆಯೇ ಬಂದಿತು. ಇದು ಅಸಹಜವೇನಲ್ಲ: ಪಟ್ಟಿ ಒಳಗಿರುವವರೆಗೆ ಎದೆಗೂಡು ಬಿಗಿಯಾಗಿರುತ್ತದೆ, ಪಕ್ಕೆಲುಬುಗಳು ಮೊದಲಿನಷ್ಟು ಸಲೀಸಾಗಿ ಅರಳುವುದಿಲ್ಲ. ವಿಚಿತ್ರವೆಂದರೆ, ಅದೇ ದಿನಗಳಲ್ಲಿ ಮೆಟ್ಟಿಲು ಹತ್ತುವಾಗಿನ ಏದುಸಿರು ಸ್ಪಷ್ಟವಾಗಿ ಇಳಿದಿತ್ತು. ಒಳಸರಿದ ಎದೆಮೂಳೆ ಶ್ವಾಸಕೋಶಕ್ಕಿಂತ ಹೆಚ್ಚಾಗಿ ಹೃದಯದ ಬಲಭಾಗವನ್ನು ಅದುಮಬಲ್ಲದು. ಆ ಒತ್ತಡ ತಪ್ಪಿದರೆ ಹೃದಯದ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ಹೊರಬರುತ್ತದೆ, ದಣಿವು ತಡವಾಗಿ ಬರುತ್ತದೆ. ನನ್ನ ಸುಧಾರಣೆಯ ಮೂಲ ಅಲ್ಲಿತ್ತೆಂದೇ ನನ್ನ ಎಣಿಕೆ, ಎಲ್ಲರಿಗೂ ಹೀಗೆಯೇ ಆಗುತ್ತದೆಂದು ಹೇಳಲಾರೆ.

ಪಟ್ಟಿಯನ್ನು ಸಾಮಾನ್ಯವಾಗಿ 2ರಿಂದ 4 ವರ್ಷಗಳ ನಂತರ ತೆಗೆಯುತ್ತಾರೆ. ನನ್ನದನ್ನು ತೆಗೆದ ಮೇಲೆ ಸ್ಪೈರೋಮೆಟ್ರಿಯ ಅಂಕಿ ಮೊದಲಿನ ಮಟ್ಟವನ್ನು ಸ್ವಲ್ಪ ಮೀರಿತು, ಅಷ್ಟೇ. ಈ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುವವರು, ಕುಳಿತು ಊದುವ ಪರೀಕ್ಷೆಯೊಂದನ್ನೇ ನೆಚ್ಚದೆ, ಸೈಕಲ್ ತುಳಿಸಿ ಅಥವಾ ಟ್ರೆಡ್‌ಮಿಲ್ ಮೇಲೆ ನಡೆಸಿ ಆಮ್ಲಜನಕದ ಬಳಕೆಯನ್ನು ಅಳೆಯುವ ಪರೀಕ್ಷೆಯನ್ನೂ ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ನಂತರದ ಫಲಿತಾಂಶವನ್ನು ಹೋಲಿಸಿ ನೋಡಲು ಅದಿಲ್ಲದೆ ಆಧಾರವಿರುವುದಿಲ್ಲ.