ಅಣಬೆ ಕಾಂಡದ ಕೈಟೋಸಾನ್, ರೋಗಾಣು ತಡೆಯುವ ಟವೆಲ್: ನನ್ನ ಅನುಭವ

ಕೈಟೋಸಾನ್ (ಸಿಗಡಿ ಚಿಪ್ಪು, ಅಣಬೆಗಳಲ್ಲಿರುವ ಕೈಟಿನ್ ಅನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ತೆಗೆಯುವ, ರೋಗಾಣು ತಡೆಯುವ ವಸ್ತು) ಬೇಕೆಂದರೆ ಸಿಗಡಿ ಚಿಪ್ಪೇ ಗತಿ, ಅಣಬೆಯಿಂದ ತೆಗೆಯಲು ಹೋದರೆ ಕಾಸ್ಟಿಕ್ ಖರ್ಚೂ ಹುಟ್ಟುವುದಿಲ್ಲ ಎಂದು ದೊಡ್ಡಬಳ್ಳಾಪುರದ ನೂಲಿಗೆ ಬಣ್ಣ ಕಟ್ಟುವ ಮನೆಗಳಲ್ಲಿ ನನಗೆ ಬುದ್ಧಿ ಹೇಳದವರಿಲ್ಲ. ಈಗ ಬಟನ್ ಅಣಬೆಯ ಕಾಂಡದಿಂದಲೇ ತೆಗೆದು ಹಚ್ಚಿದ ಹತ್ತಿ ಟವೆಲ್ ಇಪ್ಪತ್ತು ಒಗೆತದ ನಂತರವೂ ಎಎಟಿಸಿಸಿ 100 ಎಂಬ, ಬಟ್ಟೆ ಎಷ್ಟು ಬ್ಯಾಕ್ಟೀರಿಯಾ ಕೊಲ್ಲುತ್ತದೆಂದು ಅಳೆಯುವ ಪರೀಕ್ಷೆಯಲ್ಲಿ ಸ್ಟ್ಯಾಫಿಲೊಕಾಕಸ್‌ನ ಶೇ 90ರಷ್ಟನ್ನು ಕೊಲ್ಲುತ್ತಿದೆ.

ಕಾಂಡವೇನೋ ಪುಕ್ಕಟೆ, ಬೆಳೆಗಾರರಿಗೆ ಅದು ತಿಪ್ಪೆಗೆ ಹೋಗುವ ಮಾಲು. ಆದರೆ ಬೆಳಿಗ್ಗೆ ಕತ್ತರಿಸಿದ್ದು ಸಂಜೆಯೊಳಗೆ ಕಂದಾಗುತ್ತದೆ, ಆ ಕಂದು ಕೊನೆಗೆ ಬಿಳಿ ಬಟ್ಟೆಗೂ ಇಳಿಯುತ್ತದೆ. ಬ್ಲೀಚ್ ಹಾಕಿದರೆ ಬಣ್ಣದ ಜೊತೆ ಕೈಟೋಸಾನ್‌ನ ಸರಪಳಿಯೂ ತುಂಡಾಗಿ ದ್ರಾವಣ ನೀರಾಯಿತು. ಅಣಬೆ ಶೆಡ್ಡಿನಲ್ಲೇ ಹಂಡೆ ಹೂಡಿಸಿ, ಕತ್ತರಿಸಿದ ಕೂಡಲೇ ಕುದಿನೀರಿಗೆ ಹಾಕಿಸಿದ ಮೇಲೆ ಆ ಕಾಟ ತಪ್ಪಿತು. ಅಣಬೆಯಲ್ಲಿ ಕೈಟಿನ್ ಜೊತೆ ಅಂಟಿಕೊಂಡಿರುವ ಗ್ಲುಕಾನ್ ಎಂಬ ಪಿಷ್ಟದಂಥ ವಸ್ತುವಿನ ಕಾಟ ಇನ್ನೂ ದೊಡ್ಡದು. ಅಸೆಟಿಕ್ ಆಮ್ಲದಲ್ಲಿ ಕರಗಿಸಿ ಸೋಸಲು ಹೊರಟರೆ ಗಂಜಿಯ ಕೆನೆಯಂತೆ ಸೋಸುಬಟ್ಟೆಗೆ ಕಟ್ಟಿಕೊಂಡು ಒಂದು ಹನಿಯೂ ಇಳಿಯುತ್ತಿರಲಿಲ್ಲ. ಅದನ್ನು ಬಿಡಿಸಿದ ಬಗೆ ನನ್ನಲ್ಲೇ ಇರಲಿ.

ನೂರು ಕೆಜಿ ಹಸಿ ಕಾಂಡ ಒಣಗಿದರೆ ಎಂಟೊಂಬತ್ತು ಕೆಜಿ, ಕೊನೆಗೆ ಕೈಗೆ ಹತ್ತುವುದು ಹೆಚ್ಚೆಂದರೆ 400 ಗ್ರಾಂ. ಇದನ್ನು ಕೇಳಿಯೇ ಅನೇಕರು ನಕ್ಕರು. ಅರ್ಧ ಪರ್ಸೆಂಟ್ ದ್ರಾವಣಕ್ಕೆ ಅದು 80 ಲೀಟರ್ ಆಗುತ್ತದೆ. ಪ್ಯಾಡಿಂಗ್‌ನಲ್ಲಿ (ದ್ರಾವಣದಲ್ಲಿ ಅದ್ದಿ ರೋಲರ್ ನಡುವೆ ಹಿಂಡುವಾಗ) ಬಟ್ಟೆ ತನ್ನ ತೂಕದ ಶೇ 80ರಷ್ಟು ಹೀರಿದರೆ ನೂರು ಕೆಜಿ ಬಟ್ಟೆಗೆ ಸಾಕು! ಉಳಿದ ಕಾಸ್ಟಿಕ್ ಚೆಲ್ಲದೆ, ಸೋಸಿ ತೆಳುಮಾಡಿ ಹತ್ತಿ ಕುದಿಸಲು ಬಳಸತೊಡಗಿದ ಮೇಲೆ ಲೆಕ್ಕ ಗಿಟ್ಟಿತು.

ಹೆಚ್ಚು ದುಡ್ಡು ನುಂಗಿದ್ದು ಪರೀಕ್ಷೆ. ಮಾದರಿಯೊಂದಕ್ಕೆ ಐದಾರು ಸಾವಿರ ಕೊಟ್ಟು ನೋಡಿದರೆ, ಬರೀ ಅದ್ದಿ ಒಣಗಿಸಿದ ಬಟ್ಟೆಯ ರೋಗಾಣು ಕೊಲ್ಲುವ ಬಲ ಕೆಲವೇ ಒಗೆತಕ್ಕೆ ಅರ್ಧಕ್ಕಿಂತ ಕೆಳಗಿಳಿದಿರುತ್ತಿತ್ತು. ಸಿಟ್ರಿಕ್ ಆಮ್ಲ, ಸೋಡಿಯಂ ಹೈಪೋಫಾಸ್ಫೈಟ್ ಸೇರಿಸಿ 160 ಡಿಗ್ರಿ ಆಸುಪಾಸಿನಲ್ಲಿ ಕ್ಯೂರ್ ಮಾಡಿದಾಗ (ಒಣ ಬಿಸಿಯಲ್ಲಿ ಕಾಯಿಸಿದಾಗ) ಕೈಟೋಸಾನ್ ನೂಲಿಗೆ ಕಚ್ಚಿ ನಿಂತಿತು. 170 ದಾಟಿಸಿದರೆ ಬಟ್ಟೆ ಹಳದಿಯಾಗುತ್ತದೆ, ಎಳೆದರೆ ನೂಲು ಪಟ್ಟೆಂದು ಹರಿಯುತ್ತದೆ. ಕ್ಯೂರ್‌ಗೆ ಮುಂಚೆ ಎಷ್ಟು ಹಸಿ ಉಳಿಸಬೇಕು ಎಂಬುದರಲ್ಲಿ ಒಂದು ಕೀಲಿದೆ, ಅದನ್ನು ನೀವೇ ಹುಡುಕಿಕೊಳ್ಳಿ.

ನಡುವೆ ಮಲೆನಾಡಿನಿಂದ ಅಡಿಕೆ ಚೊಗರು (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ) ತರಿಸಿ ಇದೇ ಬಟ್ಟೆಗೆ ಬಣ್ಣ ಕಟ್ಟಿದೆ. ಬಣ್ಣ ಹಿಡಿಸಲು ಹಾಕುವ ಪಟಿಕ ಅರ್ಧಕ್ಕಿಳಿಸಿದರೂ ಕೆಂಗಂದು ಗಾಢವಾಗಿ ಹತ್ತಿತು. ಚೊಗರಿನ ಟ್ಯಾನಿನ್ ಕೈಟೋಸಾನ್ ಅನ್ನು ಬಿಡದೆ ಹಿಡಿಯುತ್ತದೆ. ಇದೇ ಬೇರೆ ಧಂಧೆಯಾದೀತು.

ಇ. ಕೊಲೈ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಮೇಲೆ ಫಲ ಇನ್ನೂ ಶೇ 70ರ ಆಚೀಚೆ. ಕಾಸ್ಟಿಕ್ ಕುದಿತದ ಹೊತ್ತು ಹೆಚ್ಚಿಸಿ ಡೀಅಸೆಟೈಲೇಷನ್ (ಕೈಟಿನ್ ಕೈಟೋಸಾನ್ ಆಗಿ ಬದಲಾಗುವ ಪ್ರಮಾಣ) ಏರಿಸಿದ ಹೊಸ ಮಾದರಿಗಳು ಸದ್ಯ ಪ್ರಯೋಗಾಲಯದಲ್ಲಿವೆ.