ಉದ್ರಿ ಖಾತೆಯ ದೆವ್ವಗಳು: ಬಳ್ಳಾರಿಯಲ್ಲೇ ಕ್ಯಾಂಪೇನ್ ನಡೆಸಿದ ನನ್ನ ಅನುಭವ

ನಮ್ಮದು ರೋಲ್‌ಪ್ಲೇಯಿಂಗ್ ಆಟ: ನಾನು ಕಥೆ ನಡೆಸ್ತೀನಿ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡ್ತಾ ದಾಳ ಹಾಕ್ತಾರೆ. ಹೀಗೆ ವಾರವಾರ ಮುಂದುವರಿಯೋ ಕಥೆಗೇ ಕ್ಯಾಂಪೇನ್ ಅನ್ನೋದು. ನಮ್ಮ ಟೇಬಲ್ ಶುರುವಾಗಿ ಎರಡು ವರ್ಷದ ಹತ್ತಿರ ಬಂತು, ಇನ್ನೂ ನಡೀತಿದೆ. ಐದು ಜನ ಆಟಗಾರರು, ಭಾನುವಾರ ತಪ್ಪಿಸೋರು ಅಪರೂಪ. ಇದೇ ಊರಿನ ಬೀದಿಗಳಲ್ಲಿ, ಕನ್ನಡದಲ್ಲೇ ಸಾಗುವ ಫ್ಯಾಂಟಸಿ. ಬೆಂಗಳೂರಿನಲ್ಲಿ ಆಡುವ ಗೆಳೆಯರು ಮೂರು ಸೆಷನ್ ದಾಟಲ್ಲ ಅಂದಿದ್ದರು. ನಮ್ಮೂರಿನವನೊಬ್ಬ, "ಕನ್ನಡದಾಗ ಆಡಿದ್ರ ಪೌರಾಣಿಕ ನಾಟಕ ಆಗ್ತೈತಿ. ಬಳ್ಳಾರ್ಯಾಗ ಧೂಳು ಬಿಟ್ರ ಏನೈತಿ?" ಅಂದ. ಈಗ ಅವನೇ ನಾಲ್ಕನೇ ಆಟಗಾರ.

ಇದಕ್ಕೂ ಮೊದಲು ಎರಡು ಕ್ಯಾಂಪೇನ್ ಬಿದ್ದುಹೋಗಿದ್ದವು. ಮೊದಲನೆಯದು ಡಿ ಅಂಡ್ ಡಿ, ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಹೆಸರಾಂತ ಆಟದ ಐದನೇ ಆವೃತ್ತಿ. ಎಲ್ಫ್ ಬದಲು ಯಕ್ಷ, ಡ್ವಾರ್ಫ್ ಬದಲು ಇನ್ನೇನೋ. ಒಂದು ಹೊಡೆದಾಟ ಮುಗಿಯೋಕೆ ಇಡೀ ಮಧ್ಯಾಹ್ನ ಹೋಗುತ್ತಿತ್ತು, ಸೆಕೆಗೆ ಎಲ್ಲರೂ ತೂಕಡಿಸುತ್ತಿದ್ದರು. ಪುಸ್ತಕ, ಬಣ್ಣ ಬಳಿದ ಗೊಂಬೆ, ಮ್ಯಾಟ್, ಹೊರಗಿಂದ ತರಿಸಿದ ದಾಳ ಎಲ್ಲ ಸೇರಿ ಹದಿನಾಲ್ಕು ಸಾವಿರದ ಆಸುಪಾಸು ಸುರಿದಿದ್ದೆ. ಮಾರೋಕೆ ಹೋದರೆ ಮೂರು ಸಾವಿರವೂ ಹುಟ್ಟಲಿಲ್ಲ. ಎರಡನೆಯದರಲ್ಲಿ ಬಳ್ಳಾರಿಯನ್ನೇ ಹೋಲುವ ಬೇರೆ ಹೆಸರಿನ ಊರು ಕಟ್ಟಿದೆ. ಯಾವ ಓಣಿ ಎಲ್ಲಿಗೆ ಹೋಗುತ್ತೆ ಅನ್ನೋದು ನನಗೊಬ್ಬನಿಗೇ ಗೊತ್ತಿತ್ತು, ಹಾಗಾಗಿ ಆಟಗಾರರು ಏನನ್ನೂ ಕೇಳುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಕಬ್ಬಿಣದಿಂದ. ರಾತ್ರಿ ಹೊರಗೆ ಹೋಗುವಾಗ ಜೇಬಲ್ಲಿ ಒಂದು ಮೊಳೆ ಇಟ್ಕೋ, ಗಾಳಿ ಸೋಕಲ್ಲ ಅನ್ನೋ ಮಾತು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಹಾಗಾದರೆ ಸಂಡೂರಿನ ಗುಡ್ಡಗಳ ಅದಿರೆಲ್ಲ ಲಾರಿ ಹತ್ತಿ ಬಂದರಿಗೆ ಹೋದ ಮೇಲೆ ಈ ಸೀಮೆಯನ್ನು ಕಾಯೋರು ಯಾರು? ಆಟದ ಕಥೆ ಶುರುವಾಗೋದು 2011ರ ಆಗಸ್ಟ್‌ನಲ್ಲಿ. ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದೆ, ಲಾರಿಗಳು ರಸ್ತೆ ಪಕ್ಕ ನಿಂತಿವೆ, ಕಾವಲು ತೆಳ್ಳಗಾದ ಗುಡ್ಡಗಳಿಂದ ದೆವ್ವಗಳು ಊರಿಗೆ ಇಳಿದಿವೆ. ಕೆಂಪು ಧೂಳೇ ಮಂತ್ರದ ಸಾಮಗ್ರಿ. ಒಂದು ಚಿಟಿಕೆ ಧೂಳಿಗೆ ಒಂದು ರಾತ್ರಿಯ ರಕ್ಷಣೆ.

ಊರಿನ ಇತಿಹಾಸ ಉಳಿದ ನಿಯಮಗಳನ್ನು ತಾನೇ ಕೊಟ್ಟಿತು. ಅಲ್ಲಿಯವರೆಗೆ ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಮ್ಮ ಆಟದಲ್ಲಿ ಮನುಷ್ಯರ ಫೈಲುಗಳು ವರ್ಗವಾದವು, ದೆವ್ವಗಳ ಫೈಲುಗಳು ಮದ್ರಾಸಿನಲ್ಲೇ ಉಳಿದವು. ಹಾಗಾಗಿ ಆದೋನಿಯ ದೆವ್ವ ಇಲ್ಲಿಗೆ ಬರಬೇಕಾದರೆ ಯಾರಾದರೊಬ್ಬ ಮನುಷ್ಯನ ಜಾಮೀನು ಬೇಕು. ಇದೊಂದೇ ನಿಯಮದ ಮೇಲೆ ಆರು ತಿಂಗಳು ಆಟ ನಡೆದಿದೆ.

ಕೋಟೆಯ ಕಥೆ ನಿಮಗೆಲ್ಲ ಗೊತ್ತು. ಹೈದರಾಲಿ ಫ್ರೆಂಚ್ ಇಂಜಿನಿಯರ್ ಕೈಲಿ ಕೋಟೆ ಕಟ್ಟಿಸಿದ, ಎದುರಿನ ಕುಂಬಾರ ಗುಡ್ಡ ಅದಕ್ಕಿಂತ ಎತ್ತರ ಅಂತ ಆಮೇಲೆ ತಿಳಿದು ಅವನನ್ನು ಗಲ್ಲಿಗೇರಿಸಿದ ಅಂತ ಐತಿಹ್ಯ. ಅದನ್ನೇ ನಿಯಮ ಮಾಡಿದೆ: ಮೇಲೆ ನಿಂತವನ ಕಣ್ಣಿಗೆ ಕೆಳಗಿನವನ ರಕ್ಷಾಮಂತ್ರ ತಾಗೋದಿಲ್ಲ. ಆಟಗಾರರು ನಿಜವಾಗಿ ಊರಿನ ಮಾಳಿಗೆಗಳ ಎತ್ತರ ನೋಡಿಕೊಂಡು ಬರೋಕೆ ಶುರುಮಾಡಿದರು. ಇಂಜಿನಿಯರ್ ನಮ್ಮಲ್ಲಿ ಇನ್ನೂ ಇದ್ದಾನೆ, ರಾತ್ರಿಯಿಡೀ ಹಗ್ಗ ಹಿಡಿದು ಅಳೀತಾನೆ. ಮುಖದ ಆಕಾರದ ಆ ಗುಡ್ಡ ಯಾವಾಗ ಕಣ್ಣು ಬಿಡುತ್ತೆ ಅನ್ನೋದನ್ನ ಇಲ್ಲಿ ಬರೆಯಲ್ಲ, ನನ್ನ ಆಟಗಾರರೂ ಇದನ್ನ ಓದ್ತಾರೆ.

ಸಿಸ್ಟಮ್, ಅಂದರೆ ನಾವು ಬಳಸೋ ನಿಯಮಗಳ ಚೌಕಟ್ಟು, ಫೇಟ್. ಅದರ ದಾಳ ಹುಡುಕಬೇಡಿ, ಲೂಡೋ ದಾಳ ನಾಲ್ಕು ಸಾಕು: ಒಂದು-ಎರಡು ಬಿದ್ದರೆ ಮೈನಸ್, ಮೂರು-ನಾಲ್ಕು ಖಾಲಿ, ಐದು-ಆರು ಪ್ಲಸ್. ಪಾತ್ರಕ್ಕೆ ಬಲ ಬೇಕಾದಾಗ ಆಟಗಾರರು ಖರ್ಚು ಮಾಡೋ ಫೇಟ್ ಪಾಯಿಂಟನ್ನು ಮಾತ್ರ ತೆಗೆದುಹಾಕಿ ಉದ್ರಿ ತಂದೆ. ಬೇಕಾದಾಗ ಬೇಕಾದಷ್ಟು ಶಕ್ತಿ ತಗೋ, ಕೊಟ್ಟ ದೆವ್ವದ ಹೆಸರಲ್ಲಿ ಖಾತೆ ಪುಸ್ತಕದಲ್ಲಿ ಬರೆಸು. ಕಿರಾಣಿ ಅಂಗಡಿಯ ಆ ಉದ್ದನೆಯ ಕೆಂಪು ಪುಸ್ತಕವೇ ಆಗಬೇಕು. ಮೊಬೈಲಿನಲ್ಲಿ ಬರೆದುಕೊಂಡಾಗ ಯಾರೂ ಹೆದರಲಿಲ್ಲ. ನಾನು ಪುಸ್ತಕ ತೆರೆದು ಬೆರಳಿಟ್ಟರೆ ಸಾಕು, ಟೇಬಲ್ ಸುಮ್ಮನಾಗುತ್ತೆ. ವಸೂಲಿ ಯಾವಾಗ, ಎಷ್ಟು ಬಡ್ಡಿ ಅನ್ನೋದಕ್ಕೆ ನನ್ನದೊಂದು ಪಟ್ಟಿ ಇದೆ, ಅದು ನನ್ನ ಹತ್ತಿರವೇ ಇರಲಿ.

ಜಾಗಗಳನ್ನು ನಾನು ಆರಿಸಲಿಲ್ಲ. ಪ್ರತಿಯೊಬ್ಬರೂ ದಿನಾ ಓಡಾಡುವ ಒಂದು ಜಾಗ ತರಬೇಕು, ಅಲ್ಲಿರೋದು ಏನು ಕೊಡುತ್ತೆ, ಏನು ಕಿತ್ತುಕೊಳ್ಳುತ್ತೆ ಅಂತ ಅವರೇ ಹೇಳಬೇಕು. ಜೀನ್ಸ್ ವಾಷಿಂಗ್ ಯೂನಿಟ್‌ನಲ್ಲಿ ಸೂಪರ್‌ವೈಸರ್ ಆಗಿರುವ ಹುಡುಗ ತನ್ನ ಯೂನಿಟ್ ತಂದ. ಪ್ಯಾಂಟಿನ ತೊಡೆ ಮೇಲೆ ಪಿಪಿ (ಪೊಟ್ಯಾಸಿಯಂ ಪರ್ಮ್ಯಾಂಗನೇಟ್) ಸ್ಪ್ರೇ ಹೊಡೆದಾಗ ಮೊದಲು ನೇರಳೆ ಬಣ್ಣ ಕೂರುತ್ತೆ, ಒಣಗಿದಾಗ ಕಂದು, ನ್ಯೂಟ್ರಲೈಸ್ ಮಾಡಿ ತೊಳೆದ ಮೇಲೆ ಬಿಳಿ. ಅದನ್ನ ಅವನು ಕೈಯಾಡಿಸಿ ತೋರಿಸಿ, "ಅಲ್ಲಿರೋದು ನೆನಪನ್ನ ಹಿಂಗ ತೊಳಿತೈತ್ರಿ, ಉಟ್ಟಷ್ಟು ಹಳೇದು ಕಾಣಬೇಕು, ಆದ್ರ ಯಾರೂ ಉಟ್ಟಿರಬಾರದು" ಅಂದ. ಇಂಥದ್ದನ್ನ ಯಾವ ಪುಸ್ತಕ ಕೊಡುತ್ತೆ? ಮುಂದಿನ ವಾರ ಅವನ ಪಾತ್ರ ಸಾಲ ತೀರಿಸೋಕೆ ತನ್ನ ಅಣ್ಣನ ಮುಖವನ್ನೇ ತೊಳೆಯೋಕೆ ಕೊಟ್ಟಿತು.

ಗುಡಿ, ದರ್ಗಾ, ಬದುಕಿರುವ ರಾಜಕಾರಣಿಗಳು ಆಟದ ಹೊರಗೆ. ದುರ್ಗಮ್ಮನ ಹೆಸರು ಯಾರೂ ಎತ್ತೋ ಹಾಗಿಲ್ಲ. ಆಟಕ್ಕೂ ಮೊದಲು ಕೂತು ಎಲ್ಲ ಮಾತಾಡಿಕೊಳ್ಳೋ ಸೆಷನ್ ಜೀರೋದಲ್ಲಿ ಇದನ್ನ ಗಟ್ಟಿಯಾಗಿ ಹೇಳಿಬಿಡಿ.

ನಡುವೆ ಸದ್ದಿನ ಹುಚ್ಚು ಹಿಡಿದಿತ್ತು. ಸಂಗನಕಲ್ಲು-ಕುಪ್ಪಗಲ್ಲಿನ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನಾದ ಕೊಡುವ ನವಶಿಲಾಯುಗದ ಬಂಡೆಗಳಿವೆಯಲ್ಲ, ಅದೇ ದನಿ ಟೇಬಲ್ ಮೇಲೆ ಬೇಕಿತ್ತು. ಆ ಬಂಡೆಗಳನ್ನು ಮುಟ್ಟೋ ಮಾತೇ ಇಲ್ಲ. ಹಿತ್ತಾಳೆ ತಟ್ಟೆ, ರೈಲು ಹಳಿಯ ತುಂಡು ಎರಡೂ ಸ್ಕೂಲ್ ಗಂಟೆ ಅನ್ನಿಸಿದವು. ಕೊನೆಗೆ ಕಡಪಾ ಕಲ್ಲಿನ ಒಂದೂವರೆ ಅಡಿ ಪಟ್ಟಿಯನ್ನು ಎರಡು ಕಡೆ ಸುತಳಿ ಕಟ್ಟಿ ತೂಗುಬಿಟ್ಟು ಸಣ್ಣ ಸ್ಪ್ಯಾನರ್‌ನಿಂದ ತಟ್ಟಿದೆ. ಸುತಳಿ ತುದಿಗೆ ಕಟ್ಟಿದರೆ ಮಂಕು, ಕಾಲು ಭಾಗ ಒಳಗೆ ಸರಿಸಿದರೆ ನಾದ. ತೊಗಲುಗೊಂಬೆಯ ನೆರಳಾಟವನ್ನೂ ಟಾರ್ಚ್ ಹಿಡಿದು ನೋಡಿದೆ. ಚೆಂದ ಬಂತು, ಆದರೆ ಎಲ್ಲರೂ ಪರದೆ ನೋಡ್ತಾ ಆಡೋದು ಮರೆತರು. ಬಿಟ್ಟೆ.

ಈಗಿನ ಖರ್ಚು ಕೇಳಿ. ಫ್ಲೆಕ್ಸ್ ಅಂಗಡಿಯಲ್ಲಿ ಮೂರು-ನಾಲ್ಕು ಅಡಿಯ ಊರಿನ ನಕ್ಷೆಗೆ ಇನ್ನೂರು ಚಿಲ್ಲರೆ. ಮಾರ್ಕರ್ ಕಲೆ ಉಳಿಯುತ್ತೆ, ಮೇಲೆ ಪಾರದರ್ಶಕ ಟೇಬಲ್ ಶೀಟ್ ಹಾಸಿ. ಖಾತೆ ಪುಸ್ತಕ, ದಾಳ, ಸುತಳಿ ಸೇರಿ ಇನ್ನೊಂದು ಇನ್ನೂರು. ಮಂಡಕ್ಕಿ-ಮಿರ್ಚಿಯ ಲೆಕ್ಕ ಸೋತವರದ್ದು.

ಆದೋನಿ ಕಡೆಯ ಕಥೆಯನ್ನು ನಮ್ಮ ಆಟಗಾರ್ತಿಯೊಬ್ಬಳು ತೆಲುಗಿನಲ್ಲಿ ನಡೆಸೋಕೆ ತಯಾರಾಗ್ತಿದ್ದಾಳೆ. ಖಾತೆ ಪುಸ್ತಕದ ಜೆರಾಕ್ಸ್ ಕೊಟ್ಟಿದ್ದೇನೆ, ಕೊನೆಯ ನಾಲ್ಕು ಪುಟ ಬಿಟ್ಟು.